ಮೈಲುತುತ್ತವೂ ಅಪ್‌ಡೇಟೂ

ಜುಲೈ ತಿಂಗಳ ಒಂದು ಹೊಳವಿನ ದಿನ. ಅಡಿಕೆಯ ಕೊಳೆರೋಗದ ಎರಡನೇ ಮದ್ದಿಗೆ ಮೈಲುತುತ್ತ ತರೋಣವೆಂದು ಹೊಸನಗರ ತಾಲ್ಲೂಕಿನ ಒಂದು ಸೊಸೈಟಿಗೆ ಹೋಗಿದ್ದೆ. ಮಳೆ ಬಿಟ್ಟ ದಿನ ಅಂದಮೇಲೆ ಕೇಳಬೇಕೆ, ನನ್ನ ಮುಂದೆ ಹತ್ತು ಹನ್ನೆರಡು ಜನ. ಕಾರ್ಯದರ್ಶಿಯವರು ತಮ್ಮ ತೋಟಕ್ಕೇ ಮದ್ದು ಹೊಡೆಸಲು ಹೋಗಿದ್ದರು. ಕೌಂಟರಿನಲ್ಲಿ ಹುಡುಗಿ ಒಬ್ಬಳೇ. ಬಿಲ್ ಹಾಕುವವಳೂ ಅವಳೇ, ಗೋಡೌನಿನ ಬೀಗ ತೆಗೆಯುವವಳೂ ಅವಳೇ. ಅಷ್ಟರಲ್ಲಿ ಫೋನ್ ಬಂತು. ಎರಡೂ ಕೈಗೆ ಕೆಲಸವಿದ್ದದ್ದರಿಂದ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಹಾಗಾಗಿ ಸಾಲಿನಲ್ಲಿದ್ದ ನಮಗೆಲ್ಲ ಕೇಳಿಸಿತು.

“ನಮಸ್ಕಾರ ಮೇಡಂ, ಸಾಫ್ಟ್‌ವೇರ್ ಕಂಪನಿಯಿಂದ ಮಾತಾಡ್ತಿರೋದು. ನಿಮ್ಮ ಸಿಸ್ಟಮ್ ಹಳೇ ವರ್ಷನ್‌ನಲ್ಲಿದೆ. ಇವತ್ತು ಸಂಜೆಯೊಳಗೆ ಅಪ್‌ಡೇಟ್ ಆಗ್ಲಿಲ್ಲ ಅಂದ್ರೆ ನಾಳೆಯಿಂದ ಬಿಲ್ ಓಪನ್ ಆಗಲ್ಲ. ಎನಿಡೆಸ್ಕ್ ಇದೆ ಅಲ್ವಾ? ಅದರಲ್ಲಿ ಕಾಣೋ ನಂಬರ್ ಒಂದು ಹೇಳಿ, ಉಳಿದದ್ದು ನಾವು ನೋಡ್ಕೋತೀವಿ.”

ದನಿ ಎಷ್ಟು ವಿನಯದ್ದೆಂದರೆ, ಯಾರಿಗಾದರೂ ಇಲ್ಲ ಅನ್ನಲು ಸಂಕೋಚವಾಗಬೇಕು. ಹುಡುಗಿ ಪೆನ್ನು ಕೆಳಗಿಟ್ಟು ಮೌಸಿಗೆ ಕೈ ಹಾಕಿದಳು. ಸಾಲಿನಲ್ಲಿದ್ದ ಹಿರಿಯರೊಬ್ಬರಿಗೆ ತಾಳ್ಮೆ ತಪ್ಪಿತು. “ಅವನಿಗೆ ಆಮೇಲೆ ಮಾಡಕ್ಕೆ ಹೇಳು ಮಾರಾಯ್ತಿ. ಈ ಹೊಳವು ಹೋದ್ರೆ ಮತ್ತೆ ಸಿಗ್ತದಾ? ಮೊದಲು ಮೈಲುತುತ್ತ ಕೊಡು.” ಅವಳು ಅಳುಕುತ್ತಲೇ “ಸಾರ್, ಆಮೇಲೆ ಮಾಡಿ” ಎಂದು ಫೋನಿಟ್ಟಳು. ಮಧ್ಯಾಹ್ನ ಸಾಲು ಕರಗಿದ ಮೇಲೆ ಕಂಪನಿಗೆ ಅವಳೇ ಫೋನ್ ಮಾಡಿ ಕೇಳಿದರೆ, ಅಲ್ಲಿಂದ ಯಾರೂ ಕರೆ ಮಾಡಿರಲಿಲ್ಲ.

ಆ ದಿನ ಸೊಸೈಟಿಯನ್ನು ಉಳಿಸಿದ ಕೀರ್ತಿ ಸೈಬರ್ ಜಾಗೃತಿಗೆ ಸಲ್ಲುವುದಿಲ್ಲ, ಕೊಳೆರೋಗದ ಹೆದರಿಕೆಗೆ ಸಲ್ಲಬೇಕು. ಮೋಸಗಾರ ತಂದಿದ್ದ ಅವಸರಕ್ಕಿಂತ ನಮ್ಮ ಅವಸರ ದೊಡ್ಡದಿತ್ತು, ಅಷ್ಟೆ.

ಆದರೆ ಆಮೇಲೆ ಆ ಹುಡುಗಿ ಕೇಳಿದ ಪ್ರಶ್ನೆ ನನ್ನನ್ನು ಮನೆತನಕ ಹಿಂಬಾಲಿಸಿತು. “ನಿಜವಾದ ಕಂಪನಿಯವರೂ ಹೀಗೇ ಫೋನ್ ಮಾಡ್ತಾರೆ ಅಣ್ಣ. ಹೀಗೇ ಎನಿಡೆಸ್ಕ್ ಕೇಳ್ತಾರೆ, ಹೀಗೇ ಅರ್ಜೆಂಟ್ ಮಾಡ್ತಾರೆ. ಇವನು ಅವರಲ್ಲ ಅಂತ ನನಗೆ ಹೇಗೆ ಗೊತ್ತಾಗ್ಬೇಕು?”

ಕೇಳಬೇಕಾದ ಪ್ರಶ್ನೆಯೇ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಗಣಕೀಕರಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಊರಿನ ವ್ಯವಹಾರವೆಲ್ಲ ಸೊಸೈಟಿಯ ಸುತ್ತಲೇ ಇರುವುದು. ಬೆಳೆಸಾಲ, ಗೊಬ್ಬರ, ಮದ್ದು, ಅಡಿಕೆ ಮೇಲಿನ ಮುಂಗಡ, ಕೆಲವು ಕಡೆ ದಿನಸಿಯೂ ಅಲ್ಲೇ. ಕೈಬರಹದ ಲೆಡ್ಜರ್ ಹೋಗಿ ಕಂಪ್ಯೂಟರ್ ಬಂತು. ಕಂಪ್ಯೂಟರ್ ಬಂದದ್ದರಿಂದ ಅಪ್‌ಡೇಟ್ ಬಂತು. ಆದರೆ ಅಪ್‌ಡೇಟ್ ಮಾಡುವ ಕೆಲಸ ಯಾರದು ಎಂಬುದು ಮಾತ್ರ ಎಲ್ಲೂ ಬರೆದಿಲ್ಲ. ಬೆಂಗಳೂರಿನ ಕಂಪನಿಗಳಲ್ಲಿ ಅದಕ್ಕೆಂದೇ ಒಂದು ವಿಭಾಗ ಇರುತ್ತದೆ. ಇಲ್ಲಿ ಮೂರು ಜನರ ಕಚೇರಿ. ಪೇಟೆಯಿಂದ ಪೆನ್‌ಡ್ರೈವ್ ಕಿಸೆಯಲ್ಲಿಟ್ಟುಕೊಂಡು ಬರುವ ‘ಕಂಪ್ಯೂಟರ್ ಹುಡುಗ’ನೇ ನಮ್ಮ ಐಟಿ ವಿಭಾಗ. ಅವನು ಬರುವವರೆಗೆ ಪರದೆಯ ಮೇಲೆ ಬಂದ ಪ್ರಶ್ನೆಗೆಲ್ಲ ‘ಯೆಸ್’ ಒತ್ತಿ ಮುಂದೆ ಹೋಗುವುದೇ ರೂಢಿ.

ಆ ಹುಡುಗಿಗೆ ನಾನು ಕೊಟ್ಟ ಉತ್ತರ ಇಷ್ಟೇ. ದನಿಯಿಂದ ಗೊತ್ತಾಗುವುದಿಲ್ಲ, ಗೊತ್ತುಮಾಡಿಕೊಳ್ಳಲು ಹೋಗಲೂಬೇಡ. ಯಾರೇ ಕರೆ ಮಾಡಿದರೂ “ಫೋನಿಡಿ, ನಾನೇ ಮಾಡ್ತೀನಿ” ಅನ್ನು. ಮಾಡುವುದು ಅವರು ಕರೆದ ನಂಬರಿಗೆ ಬೇಡ. ಒಪ್ಪಂದದ ಕಾಗದದಲ್ಲೋ ಹಳೇ ಬಿಲ್ಲಿನಲ್ಲೋ ಇರುವ ನಂಬರನ್ನು ಗೋಡೆಗೆ ಅಂಟಿಸಿಟ್ಟುಕೊಂಡು ಅದಕ್ಕೆ ಮಾಡು. ನಿಜವಾದವನಿಗೆ ಇದರಿಂದ ಐದು ನಿಮಿಷ ನಷ್ಟ. ಸುಳ್ಳನಿಗೆ ಆಟವೇ ಮುಗಿಯಿತು.

ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ತಂತ್ರಾಂಶಗಳು ಕೆಟ್ಟವೇನಲ್ಲ. ದೂರದಲ್ಲಿ ಕುಳಿತು ನಮ್ಮ ಕಂಪ್ಯೂಟರ್ ರಿಪೇರಿ ಮಾಡಲು ಇರುವ ಸಾಧನ ಅವು. ಆದರೆ ಆ ನಂಬರ್ ಹೇಳಿ, ಅನುಮತಿಯ ಗುಂಡಿ ಒತ್ತಿದ ಮೇಲೆ ನಮ್ಮ ಕುರ್ಚಿಯಲ್ಲಿ ಅವನು ಕೂತಂತೆಯೇ. ನಮ್ಮ ಮೌಸ್ ಅವನ ಕೈಯಲ್ಲಿ. ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎನಿಡೆಸ್ಕ್ ಮೂಲಕ ನಡೆಯುತ್ತಿದ್ದ ವಂಚನೆಯ ಬಗ್ಗೆ ಬ್ಯಾಂಕುಗಳಿಗೆ ಎಚ್ಚರಿಕೆ ಕಳಿಸಿತ್ತು.

“ನಮ್ಮಂಥ ಸಣ್ಣವರ ಹತ್ತಿರ ಕದಿಯಲು ಏನಿದೆ?” ಎಂದು ಕೇಳುವವರಿದ್ದಾರೆ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಸೇವಾ ಸಂಸ್ಥೆಯ ವ್ಯವಸ್ಥೆಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾಯಿತು. ರಾಷ್ಟ್ರೀಯ ಪಾವತಿ ನಿಗಮ ಅದನ್ನು ತನ್ನ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು. ತೊಂದರೆಗೆ ಸಿಕ್ಕಿದ್ದು ಸುಮಾರು 300 ಸಣ್ಣ ಬ್ಯಾಂಕುಗಳು, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. ಅದು ನಕಲಿ ಅಪ್‌ಡೇಟಿನ ಪ್ರಕರಣವಲ್ಲ. ಆದರೂ ಸಣ್ಣವರನ್ನು ಯಾರು ಕೇಳುತ್ತಾರೆ ಎಂಬ ನೆಮ್ಮದಿಗೆ ಅಷ್ಟು ಉತ್ತರ ಸಾಕು.

ಫೋನಿನಲ್ಲಿ ಬರುವುದು ಒಂದು ಬಗೆ. ಪರದೆಯ ಮೇಲೆ ತಾನಾಗಿ ಎದ್ದು ನಿಲ್ಲುವುದು ಇನ್ನೊಂದು. ಸಾಗರದ ಯಾವುದೇ ಡಿಟಿಪಿ ಅಂಗಡಿಯಲ್ಲಿ ಅರ್ಧ ಗಂಟೆ ಕೂತರೆ ಅದರ ದರ್ಶನವಾಗುತ್ತದೆ. ಹೊಸ ಕಂಪ್ಯೂಟರ್ ತಂದಿರುತ್ತಾರೆ, ಗಿರಾಕಿಯೊಬ್ಬರು ಹಳೇ ಅರ್ಜಿಯ ಫೈಲ್ ತರುತ್ತಾರೆ, ತೆರೆದರೆ ಕನ್ನಡವೆಲ್ಲ ಚಿತ್ತುಚಿತ್ತು. ನುಡಿ ಬೇಕು, ಇಲ್ಲವೇ ಬರಹ ಬೇಕು. ಗಿರಾಕಿ ತಲೆಯ ಮೇಲೆ ನಿಂತಿದ್ದಾರೆ. ಗೂಗಲ್‌ನಲ್ಲಿ ‘ನುಡಿ ಡೌನ್‌ಲೋಡ್’ ಎಂದು ಬರೆದು ಮೊದಲು ಕಂಡ ಪುಟ ತೆರೆದರೆ ಅಲ್ಲಿ ದಪ್ಪನೆಯ ಮೂರು ಹಸಿರು ಗುಂಡಿ. ಮೂರರ ಮೇಲೂ ‘ಡೌನ್‌ಲೋಡ್’ ಎಂದೇ ಬರೆದಿದೆ. ಎಷ್ಟೋ ಸಲ ಆ ಮೂರರಲ್ಲಿ ಒಂದೂ ನುಡಿಯಲ್ಲ, ಮೂರೂ ಜಾಹೀರಾತು. ಕನ್ನಡ ಗಣಕ ಪರಿಷತ್ತು ರೂಪಿಸಿದ, ಸರ್ಕಾರವೇ ಒಪ್ಪಿದ ತಂತ್ರಾಂಶವನ್ನು ಪರಿಷತ್ತಿನ ತಾಣದಿಂದಲೇ ಇಳಿಸಿಕೊಳ್ಳಬಹುದು ಎನ್ನುವುದು ಅವಸರದಲ್ಲಿ ಯಾರಿಗೂ ನೆನಪಾಗುವುದಿಲ್ಲ. ಅಂಗಡಿಯವರು ಮಾಡಬಹುದಾದ ಸುಲಭದ ಕೆಲಸವೆಂದರೆ ಒಮ್ಮೆ ಸರಿಯಾದ ಕಡೆಯಿಂದ ಇಳಿಸಿಕೊಂಡು ಆ ಫೈಲನ್ನು ಒಂದು ಪೆನ್‌ಡ್ರೈವಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳುವುದು. ಬೀಜದ ಅಡಿಕೆ ತೆಗೆದಿಡುವ ಹಾಗೆ.

ಕ್ರೋಮ್‌ನ ಹೆಸರಲ್ಲಿ ಬರುವ ನಕಲಿಯದ್ದು ಇನ್ನೂ ನಯವಾದ ಕೆಲಸ. ಸಭ್ಯವಾದ ಯಾವುದೋ ತಾಣ ತೆರೆದಿರುತ್ತೀರಿ. ಆ ತಾಣಕ್ಕೇ ಕನ್ನ ಹಾಕಿ ಒಳಗೆ ನಾಲ್ಕು ಸಾಲು ಸೇರಿಸಿರುತ್ತಾರೆ, ತಾಣದ ಯಜಮಾನನಿಗೂ ಗೊತ್ತಿರುವುದಿಲ್ಲ. ಓದುತ್ತಿದ್ದ ಪುಟ ಮಾಯವಾಗಿ, ಕ್ರೋಮ್‌ನ ಬಣ್ಣಬಣ್ಣದ ಚಕ್ರದ ಗುರುತಿನ ಕೆಳಗೆ, ನಿಮ್ಮ ಬ್ರೌಸರ್ ಹಳೆಯದಾಗಿದೆ, ಮುಂದೆ ಓದಲು ಅಪ್‌ಡೇಟ್ ಮಾಡಿ ಎಂಬ ಗುಂಡಿ ಬರುತ್ತದೆ. ಒತ್ತಿದರೆ ಒಂದು ಸಣ್ಣ ಫೈಲ್ ಇಳಿಯುತ್ತದೆ. ಅದನ್ನು ತೆರೆದವರು ಕಳ್ಳನಿಗೆ ಬಾಗಿಲು ತೆರೆದರು. ಸಾಕ್‌ಘೋಲಿಷ್ ಎಂದು ತಜ್ಞರು ಕರೆಯುವ ಈ ತಂತ್ರ ಹಲವು ವರ್ಷಗಳಿಂದ ಜಗತ್ತಿನ ಕಚೇರಿಗಳನ್ನು ಕಾಡುತ್ತಿದೆ. ಗುರುತಿಸುವುದು ಕಷ್ಟವಿಲ್ಲ. ಕ್ರೋಮ್ ತನ್ನ ಅಪ್‌ಡೇಟನ್ನು ಹಿಂದಿನಿಂದ ತಾನೇ ತಂದುಕೊಳ್ಳುತ್ತದೆ. ಆಮೇಲೆ ಮೇಲ್ಗಡೆ ಬಲ ಮೂಲೆಯಲ್ಲಿ, ಮೂರು ಚುಕ್ಕೆಗಳ ಹತ್ತಿರ, ಮುಚ್ಚಿ ತೆರೆಯಿರಿ ಎಂದು ಸೂಚಿಸುತ್ತದೆ. ಪುಟದ ಒಳಗೆ ಬಂದು ಫೈಲ್ ಇಳಿಸಿಕೊಳ್ಳಿ ಎಂದು ಗೋಗರೆಯುವುದಿಲ್ಲ. ಅಂಗಡಿಯ ಬೋರ್ಡಿಗೂ ಅಂಗಡಿಯೊಳಗಿನ ಕ್ಯಾಲೆಂಡರಿಗೂ ಇರುವಷ್ಟೇ ವ್ಯತ್ಯಾಸ ಇದು. ಕ್ಯಾಲೆಂಡರಿನಲ್ಲಿ ಏನು ಬೇಕಾದರೂ ಅಚ್ಚು ಹಾಕಿಸಬಹುದು.

ವಿಂಡೋಸ್ ಅಪ್‌ಡೇಟಿನ ನೀಲಿ ಪರದೆಯನ್ನೂ ನಕಲು ಮಾಡುತ್ತಾರೆ. ಇಡೀ ಪರದೆ ತುಂಬಿಕೊಂಡು, ಶೇಕಡಾ ಇಷ್ಟು ಮುಗಿಯಿತು ಎಂದು ಚಕ್ರ ತಿರುಗುತ್ತಿರುತ್ತದೆ. ನಿಜವಾಗಿ ನೋಡಿದರೆ ಅದೂ ಬ್ರೌಸರಿನ ಒಂದು ಪುಟವೇ, ಪರದೆ ತುಂಬ ಹರಡಿದ್ದಾರೆ ಅಷ್ಟೆ. ಎಸ್ಕೇಪ್ ಗುಂಡಿಯನ್ನು ಎರಡು ಕ್ಷಣ ಒತ್ತಿ ಹಿಡಿದರೆ ಸಾಮಾನ್ಯವಾಗಿ ಬಣ್ಣ ಬಯಲಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿ ಬ್ರೌಸರನ್ನೇ ಮುಚ್ಚುವುದು.

ಇತ್ತೀಚಿನ ಒಂದು ಉಪಾಯವನ್ನಂತೂ ಮೆಚ್ಚಬೇಕೋ ಶಪಿಸಬೇಕೋ ತಿಳಿಯದು. ಪರದೆ ಹೇಳುತ್ತದೆ: ತೊಂದರೆ ಇದೆ, ಸರಿಪಡಿಸಲು ವಿಂಡೋಸ್ ಗುಂಡಿಯ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ಮತ್ತು ವಿ, ಆಮೇಲೆ ಎಂಟರ್. ಏನನ್ನೂ ಇಳಿಸಿಕೊಳ್ಳಿ ಅನ್ನುವುದಿಲ್ಲ, ಹಾಗಾಗಿ ಅನುಮಾನವೂ ಬರುವುದಿಲ್ಲ. ಆದರೆ ಅಷ್ಟರಲ್ಲಿ ಆ ಪುಟ ನಿಮಗೆ ತಿಳಿಯದಂತೆ ಒಂದು ಆಜ್ಞೆಯನ್ನು ಕಾಪಿ ಮಾಡಿಟ್ಟಿರುತ್ತದೆ. ಕಂಟ್ರೋಲ್ ವಿ ಎಂದರೆ ಅದನ್ನು ಅಂಟಿಸುವುದು. ಎಂಟರ್ ಎಂದರೆ ಅದನ್ನು ನಡೆಸಿಕೊಡುವುದು. ಕಳ್ಳ ಬೀಗ ಒಡೆಯುವುದಿಲ್ಲ, ಮನೆಯವರ ಕೈಯಲ್ಲೇ ಚಿಲಕ ತೆಗೆಸುತ್ತಾನೆ. ಮಾಲೀಕನೇ ತೆಗೆದ ಬಾಗಿಲನ್ನು ಕಂಡು ಆಂಟಿವೈರಸ್ ಕೂಡ ಎಷ್ಟೋ ಸಲ ಸುಮ್ಮನಿರುತ್ತದೆ. ಇದಕ್ಕೆ ಒಂದೇ ಮಾತು: ಯಾವ ನಿಜವಾದ ಅಪ್‌ಡೇಟೂ ಹೀಗೆ ಗುಂಡಿಗಳ ಕಸರತ್ತು ಮಾಡಿಸುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೆ ಕೆಲವರು ಅಪ್‌ಡೇಟಿನ ಸಹವಾಸವೇ ಬೇಡ ಎಂದು ಆಫ್ ಮಾಡಿ ಕೂರುತ್ತಾರೆ. ಆ ಕಂಪ್ಯೂಟರ್ ಹುಡುಗರಲ್ಲೂ ಅರ್ಧ ಜನ ಇದನ್ನೇ ಮಾಡಿಕೊಟ್ಟು ಹೋಗುತ್ತಾರೆ. ಕಾರಣ ನನಗೂ ಗೊತ್ತು. ನಮ್ಮ ಕಡೆ ನಿಜವಾದ ಅಪ್‌ಡೇಟ್ ಬಹಳ ಒರಟು. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದೆ ನಾಲ್ಕನೇ ದಿನ ಕಂಪ್ಯೂಟರ್ ಹಾಕಿದರೆ ಬಾಕಿಯಿದ್ದದ್ದೆಲ್ಲ ಒಟ್ಟಿಗೆ ಬಂದು ವಕ್ಕರಿಸುತ್ತದೆ. ಕಂಪ್ಯೂಟರ್ ಆರಿಸಬೇಡಿ ಎನ್ನುತ್ತದೆ ಪರದೆ, ಇನ್ನು ಹತ್ತೇ ನಿಮಿಷ ಎಂದು ಕೂಗುತ್ತದೆ ಯುಪಿಎಸ್. ಹೋಲಿಸಿದರೆ ನಕಲಿಯೇ ಮರ್ಯಾದಸ್ಥ. ಒಂದೇ ಗುಂಡಿ, ಎರಡೇ ನಿಮಿಷ.

ಆದರೂ ಅಪ್‌ಡೇಟ್ ಬಿಡುವ ಹಾಗಿಲ್ಲ. ಯಾಕೆ ಎನ್ನುವುದಕ್ಕೆ 2017ನೇ ಇಸವಿ ಒಂದೇ ಸಾಕು. ಆ ವರ್ಷ ಮೂರು ದಾಳಿಗಳಾದವು, ಮೂರೂ ಅಪ್‌ಡೇಟಿಗೆ ಸಂಬಂಧಪಟ್ಟವು. ಮೇ 12ರಂದು ವಾನ್ನಾಕ್ರೈ ಹರಡಿತು. 150 ದೇಶಗಳ ಲಕ್ಷಾಂತರ ಕಂಪ್ಯೂಟರುಗಳ ಕಡತಗಳಿಗೆ ಬೀಗ ಬಿತ್ತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಿದವು. ಅದು ನುಸುಳಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಎರಡು ತಿಂಗಳು ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅಕ್ಟೋಬರ್ 24ರಂದು ಬಂದದ್ದು ಬ್ಯಾಡ್ ರ‍್ಯಾಬಿಟ್. ರಷ್ಯಾ, ಉಕ್ರೇನ್‌ಗಳ ಸುದ್ದಿತಾಣಗಳಿಗೆ ಕನ್ನ ಹಾಕಿ, ಫ್ಲ್ಯಾಶ್ ಪ್ಲೇಯರ್ ಅಪ್‌ಡೇಟ್ ಮಾಡಿ ಎಂದು ತೋರಿಸಿದರು. ನಂಬಿ ಒತ್ತಿದವರ ಕಂಪ್ಯೂಟರಿಗೆ ಬೀಗ. ಆ ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಅಧಿಕೃತವಾಗಿ ನಿಂತೇ ಹೋಗಿದೆ. ಈಗಲೂ ಯಾವುದಾದರೂ ಪುಟ ಫ್ಲ್ಯಾಶ್ ಅಪ್‌ಡೇಟ್ ಕೇಳಿದರೆ ಸತ್ತವರ ಹೆಸರಲ್ಲಿ ಪಿಂಚಣಿ ಕೇಳಿದಂತೆ.

ಈ ಎರಡರ ನಡುವೆ, ಜೂನ್ 27ರಂದು, ಉಕ್ರೇನಿನಲ್ಲಿ ನಡೆದದ್ದು ಎಲ್ಲಕ್ಕಿಂತ ಇರುಸುಮುರುಸಿನದು. ಅಲ್ಲಿನ ಕಚೇರಿಗಳು ಲೆಕ್ಕಪತ್ರಕ್ಕೆ ಬಳಸುವ, ನಮ್ಮ ಟ್ಯಾಲಿಯಂಥದ್ದೇ ಒಂದು ತಂತ್ರಾಂಶದ ಅಪ್‌ಡೇಟಿನೊಳಗೇ ದಾಳಿಕೋರರು ವಿಷ ಸೇರಿಸಿದ್ದರು. ಬಂದದ್ದು ಸರಿಯಾದ ದಾರಿಯಲ್ಲಿ, ಸರಿಯಾದ ಕಂಪನಿಯ ಹೆಸರಲ್ಲಿ. ನಾಟ್‌ಪೆಟ್ಯಾ ಎಂದು ಹೆಸರಾದ ಅದು ಕಡಲು ದಾಟಿ ಮುಂಬೈ ಬಳಿಯ ಜೆಎನ್‌ಪಿಟಿ ಬಂದರಿನ ಒಂದು ಟರ್ಮಿನಲ್ಲನ್ನೂ ನಿಲ್ಲಿಸಿತು. ಅಸಲಿ ಬಾಗಿಲಿನಲ್ಲೇ ಕೇಡು ಬಂದರೆ ಏನು ಮಾಡುವುದು? ಬೇರೆ ಕಡೆ ಒಂದು ಪ್ರತಿ ಇಟ್ಟುಕೊಂಡಿರಬೇಕು, ಅಷ್ಟೇ ದಾರಿ. ಆ ಪ್ರತಿ ಇರುವ ಹಾರ್ಡ್ ಡಿಸ್ಕನ್ನು ಕಂಪ್ಯೂಟರಿಗೇ ಸಿಕ್ಕಿಸಿಟ್ಟರೆ ಉಪಯೋಗವಿಲ್ಲ, ಬಂದ ರೋಗ ಅದಕ್ಕೂ ತಗಲುತ್ತದೆ. ಪ್ರತಿ ತೆಗೆದು, ಬಿಚ್ಚಿ, ತಿಜೋರಿಯಲ್ಲಿಡಿ.

ಅಡಿಕೆ ತೋಟ ಇರುವವರಿಗೆ ಇದನ್ನು ವಿವರಿಸುವುದು ಸುಲಭ. ಹಿಂದೆ ಕೊಳೆಗೆ ಹೆದರಿ ಒಂದೊಂದು ಕೊನೆಗೂ ಕೊಟ್ಟೆ ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಈ ರೋಗದ ಮೂಲವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮದ್ದನ್ನು ಹೊಡೆಯಬೇಕಾದದ್ದು ರೋಗ ಕಾಣುವ ಮೊದಲು. ಕಾಯಿ ಉದುರಲು ಶುರುವಾದ ಮೇಲೆ ಹೊಡೆದರೆ ಉದುರಿದ್ದು ವಾಪಸು ಬರುವುದಿಲ್ಲ. ಮೈಲುತುತ್ತದಲ್ಲಿ ಕಲಬೆರಕೆ ಇರಬಹುದು ಎಂದು ಯಾರೂ ಮದ್ದು ಹೊಡೆಯುವುದನ್ನು ಬಿಟ್ಟವರಿಲ್ಲ. ದಾರಿಯಲ್ಲಿ ಬಂದು ಅಗ್ಗಕ್ಕೆ ಕೊಡುತ್ತೇನೆ ಎಂದವನ ಹತ್ತಿರ ಕೊಳ್ಳುವುದಿಲ್ಲ, ಸೊಸೈಟಿಗೆ ನಾವೇ ಹೋಗಿ ತರುತ್ತೇವೆ. ತಂದ ಮೇಲೂ ಮದ್ದು ಕಲಸಿದವರು ಹಸನಾದ ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ.

ಅಪ್‌ಡೇಟಿಗೂ ನಾವೇ ಹೋಗಬೇಕು, ಅದು ಹುಡುಕಿಕೊಂಡು ಬರಬಾರದು. ಯಾವುದೇ ಸೂಚನೆ ಬಂದರೂ ಅದನ್ನು ಒತ್ತದೆ ಮುಚ್ಚಿ. ವಿಂಡೋಸ್‌ನದಾದರೆ ಸೆಟ್ಟಿಂಗ್ಸ್ ಒಳಗಿನ ವಿಂಡೋಸ್ ಅಪ್‌ಡೇಟಿಗೆ, ಟ್ಯಾಲಿಯದಾದರೆ ಟ್ಯಾಲಿಯ ಒಳಗಿನ ಸಹಾಯದ ಪಟ್ಟಿಗೆ, ಮೊಬೈಲಿನದಾದರೆ ಪ್ಲೇ ಸ್ಟೋರಿಗೆ ನಿಮ್ಮ ಕಾಲಿನಲ್ಲೇ ನಡೆದು ಹೋಗಿ ನೋಡಿ. ನಿಜವಾದ ಅಪ್‌ಡೇಟ್ ಇದ್ದರೆ ಅಲ್ಲಿ ಕಾಯುತ್ತಿರುತ್ತದೆ. ಕತ್ತಿ ಅದ್ದಿ ನೋಡುವ ಉಪಾಯವೂ ಉಂಟು. ಇಳಿಸಿದ ಫೈಲಿನ ಮೇಲೆ ಬಲ ಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ ಎಂಬ ಭಾಗದಲ್ಲಿ ಕಂಪನಿಯ ಹೆಸರು ಇದೆಯೇ ನೋಡುವುದು. ಇಲ್ಲದಿದ್ದರೆ ತೆರೆಯದೇ ಅಳಿಸಿ.

ಕಳ್ಳ ಪ್ರತಿ ಹಾಕಿಕೊಂಡವರಿಗೆ ಮಾತ್ರ ಈ ದಾರಿ ಸಲೀಸಲ್ಲ. ನಮ್ಮ ಮೂರು ತಾಲ್ಲೂಕಿನ ಪೇಟೆಗಳಲ್ಲಿ ಎಷ್ಟು ಅಂಗಡಿಯಲ್ಲಿ ಅಸಲಿ ವಿಂಡೋಸ್ ಇದೆ ಎಂದು ಕೇಳಿದರೆ ಎಲ್ಲರೂ ಹೊರಗೆ ಮಳೆ ನೋಡುತ್ತಾರೆ. ಕ್ರ್ಯಾಕ್ ಮಾಡಿದ ತಂತ್ರಾಂಶಕ್ಕೆ ತವರು ಮನೆ ಇರುವುದಿಲ್ಲ. ಹಾಗಾಗಿ ಅದರ ಅಪ್‌ಡೇಟೂ ಎಷ್ಟೋ ಸಲ ಮತ್ತೊಬ್ಬ ಅಪರಿಚಿತನ ಮನೆಯಿಂದಲೇ ಬರುತ್ತದೆ. ಆ ಅಪರಿಚಿತ ಪುಕ್ಕಟೆ ಯಾಕೆ ಕೊಡುತ್ತಾನೆ ಎಂದು ಯೋಚಿಸಿದರೆ ಸಾಕು. ಅದಕ್ಕೆ ಸೇರಿಸಿ ಇನ್ನೊಂದು ಮಾತು: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿದೆ. “ನಿಮ್ಮ ವಿಂಡೋಸ್ ಅವಧಿ ಮುಗಿದಿದೆ, ನಾವು ಅಪ್‌ಡೇಟ್ ಮಾಡಿಕೊಡ್ತೀವಿ” ಎನ್ನುವ ಕರೆಗಳಿಗೆ ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು, ಯಾಕೆಂದರೆ ಮಾತಿನ ಮೊದಲರ್ಧ ನಿಜ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಕೆಟ್ಟ ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ಕಂಪ್ಯೂಟರ್ ಕುಸಿದಾಗಲೂ ಹೀಗೇ ಆಯಿತು. ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಡುತ್ತಿರುವಾಗಲೇ, ಇಗೋ ಇದನ್ನು ಸರಿಪಡಿಸುವ ಫೈಲ್ ಎಂದು ನಕಲಿಗಳನ್ನು ಹಂಚಲು ಶುರು ಮಾಡಿದ್ದರು.

ಮೊಬೈಲಿನ ಕಥೆ ಬೇಗ ಮುಗಿಸುತ್ತೇನೆ. ತೀರ್ಥಹಳ್ಳಿಯ ಪೇಟೆಯಲ್ಲಿ ಕಚೇರಿ ಕೆಲಸದ ಅರ್ಧಭಾಗ ವಾಟ್ಸ್‌ಆ್ಯಪ್ ಗುಂಪಿನಲ್ಲೇ ನಡೆಯುತ್ತದೆ, ಎಲ್ಲ ಊರಿನ ಹಾಗೆ. ಅಲ್ಲಿ ಬ್ಯಾಂಕಿನ ಆ್ಯಪ್ ಅಪ್‌ಡೇಟ್ ಎಂದೋ ದಂಡದ ಚಲನ್ ಎಂದೋ ಒಂದು ಎಪಿಕೆ ಫೈಲ್ ಬರುತ್ತದೆ. 2024ರ ಜುಲೈನಲ್ಲಿ ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆ ಇಂಥದ್ದೊಂದು ಜಾಲವನ್ನು ಬಯಲಿಗೆಳೆಯಿತು. ಕರ್ನಾಟಕ ಪೊಲೀಸರ ಹೆಸರಲ್ಲೂ ಸಂದೇಶ ಕಳಿಸಿ 4,400ಕ್ಕೂ ಹೆಚ್ಚು ಫೋನುಗಳಿಗೆ ನುಗ್ಗಿದ್ದರು. ಸಿಕ್ಕಿಬಿದ್ದವರಲ್ಲಿ ಗುಜರಾತಿನ ನಂತರದ ಸ್ಥಾನ ನಮ್ಮ ರಾಜ್ಯದ್ದು. ಫೈಲ್ ಕಳಿಸಿದ್ದು ಗುರುತಿನವರೇ ಆಗಿರಬಹುದು, ಅವರ ಫೋನ್ ಆಗಲೇ ಕಳ್ಳನ ಕೈಯಲ್ಲಿರುತ್ತದೆ. ಪ್ಲೇ ಸ್ಟೋರಿನ ಹೊರಗಿಂದ ಬಂದ ಅಪ್‌ಡೇಟ್ ಅಪ್‌ಡೇಟಲ್ಲ. ಇದರಲ್ಲಿ ಯೋಚಿಸುವಂಥದ್ದು ಇನ್ನೇನೂ ಇಲ್ಲ.

ಒತ್ತಿಯೇಬಿಟ್ಟರೆ? ಮೊದಲು ನೆಟ್ ಕೇಬಲ್ ಕೀಳಿ, ವೈಫೈ ಆರಿಸಿ. ಬ್ಯಾಂಕಿನ ಪಾಸ್‌ವರ್ಡನ್ನು ಬೇರೆ ಸಾಧನದಿಂದ ಬದಲಿಸಿ. ಬ್ಯಾಂಕಿಗೂ 1930ಕ್ಕೂ ಕೂಡಲೇ ಫೋನ್ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಹಿಡಿಯುವ ಅವಕಾಶ ಮೊದಲ ಒಂದೆರಡು ಗಂಟೆಯಲ್ಲೇ ಹೆಚ್ಚು. ಅದಕ್ಕಾಗಿ ಶಿವಮೊಗ್ಗದ ಸಿಇಎನ್ ಠಾಣೆಗೆ ಬಸ್ ಹತ್ತಿಕೊಂಡು ಹೋಗಿ ಹೊತ್ತು ಕಳೆಯಬೇಡಿ. ಮೊದಲು ಫೋನು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ಲಿನಲ್ಲಿ ದೂರು, ಆಮೇಲೆ ಠಾಣೆ.

ಆದರೆ ನಮ್ಮಲ್ಲಿ ಆ ಎರಡು ಗಂಟೆ ಹೋಗುವುದು ಬಸ್ಸಿನಲ್ಲಲ್ಲ, ನಾಚಿಕೆಯಲ್ಲಿ. ತಪ್ಪು ಗುಂಡಿ ಒತ್ತಿದವರು ಸಾಮಾನ್ಯವಾಗಿ ಕಚೇರಿಯಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳದವರು. ಅಧ್ಯಕ್ಷರು ಏನನ್ನುತ್ತಾರೋ, ಕೆಲಸ ಹೋಗುತ್ತದೋ, ದುಡ್ಡು ನನ್ನಿಂದಲೇ ಕಟ್ಟಿಸುತ್ತಾರೋ ಎಂದು ಸಂಜೆತನಕ ಬಾಯಿ ಬಿಡುವುದಿಲ್ಲ. ಆಡಳಿತ ಮಂಡಳಿಯ ಸಭೆಯಲ್ಲಿ ಟೀ, ಮಂಡಕ್ಕಿ ಬರುವ ಮೊದಲು ಒಂದು ಠರಾವು ಮಾಡಿಬಿಡಿ ಎಂದು ನನಗೆ ಗೊತ್ತಿರುವ ನಿರ್ದೇಶಕರಿಗೆಲ್ಲ ಹೇಳುತ್ತಿರುತ್ತೇನೆ: ತಪ್ಪು ಒತ್ತಿ ಕೂಡಲೇ ಹೇಳಿದವರ ಮೇಲೆ ಕ್ರಮವಿಲ್ಲ. ಜೊತೆಗೆ, ದಿನದ ಬಿಲ್ಲಿಂಗಿಗೆ ಸಾದಾ ಖಾತೆ ಬಳಸಲಿ, ಹೊಸದನ್ನು ಹಾಕಲು ಬೇಕಾದ ಅಡ್ಮಿನ್ ಪಾಸ್‌ವರ್ಡ್ ಕಾರ್ಯದರ್ಶಿಯವರ ಬಳಿ ಇರಲಿ. ಎಲ್ಲ ಕಳ್ಳರನ್ನೂ ಅದು ತಡೆಯುವುದಿಲ್ಲ. ಆದರೆ ಕೌಂಟರಿನಲ್ಲಿ ಒಬ್ಬಳೇ ಕೂತವಳಿಗೆ “ನನ್ನ ಹತ್ತಿರ ಪಾಸ್‌ವರ್ಡ್ ಇಲ್ಲ ಸಾರ್” ಎನ್ನುವ ನಿಜವಾದ ನೆಪವೊಂದು ಸಿಗುತ್ತದೆ.

ಹದಿನೈದು ದಿನ ಬಿಟ್ಟು ಅದೇ ಸೊಸೈಟಿಗೆ ಸುಣ್ಣ ತರಲು ಹೋದಾಗ ಮಾನಿಟರಿನ ಮೇಲೆ ರಟ್ಟಿನ ತುಂಡೊಂದು ಅಂಟಿತ್ತು, ಅದರ ಮೇಲೆ ಕೆಂಪು ಶಾಯಿಯಲ್ಲಿ ಒಂದು ಫೋನ್ ನಂಬರು. ಮತ್ತೆ ಕರೆ ಬಂದಿತ್ತಾ ಎಂದು ಕೇಳಿದೆ. “ಬಂದಿತ್ತು ಅಣ್ಣ, ಅದೇ ದನಿ” ಎಂದಳು. “ಕಾರ್ಯದರ್ಶಿಯವರು ತೋಟದಲ್ಲಿದ್ದಾರೆ, ಅಪ್‌ಡೇಟ್ ಮಾಡಬೇಕಾದ್ರೆ ನೀವೇ ಬನ್ನಿ, ಶಿವಮೊಗ್ಗದಿಂದ ಹೊಸನಗರಕ್ಕೆ ಬಸ್ಸಿದೆ ಅಂದೆ. ಬಸ್ಸಿನ ಟೈಮ್ ಹೇಳೋದರೊಳಗೆ ಇಟ್ಟುಬಿಟ್ಟ.”